‘ರಿಲೆಂಟ್’: ಮಣಿಯುವುದೋ, ಕರಗುವುದೋ, ಪಟ್ಟು ಸಡಿಲಿಸುವುದೋ?

ಇಂಗ್ಲಿಷಿನ ‘ರಿಲೆಂಟ್’ ಎಂಬ ಕ್ರಿಯಾಪದಕ್ಕೆ ನಾವು ಸಾಮಾನ್ಯವಾಗಿ ಕನಿಕರಿಸು, ಕರಗು, ಮಣಿ ಎಂದು ಬರೆದು ಮುಂದೆ ಹೋಗುತ್ತೇವೆ. ಮೂರೂ ಕೈಕೊಡುವ ಸಂದರ್ಭಗಳಿವೆ. ಅದರಲ್ಲೂ ತಲೆಬರಹ ಬರೆಯುವವರಿಗೆ ಪ್ರಿಯವಾದ ‘ಮಣಿ’ಯ ಬಗ್ಗೆ ನನಗೆ ತಕರಾರಿದೆ.

ರಾಮಾಯಣದ ಕೈಕೇಯಿಯನ್ನೇ ನೋಡಿ. ದಶರಥ ಎಷ್ಟು ಗೋಗರೆದರೂ ಅವಳು ಕೇಳಲಿಲ್ಲ. ಕೊಟ್ಟ ಮಾತಿಗೆ ಕಟ್ಟುಬಿದ್ದು ಕೊನೆಗೆ ಮಣಿದವನು ಅವನೇ. ಇಲ್ಲಿ ರಿಲೆಂಟ್ ಆಗಬಹುದಾಗಿದ್ದವಳು, ಆಗದೆ ಉಳಿದವಳು ಕೈಕೇಯಿ. ದಶರಥನಿಗೆ ಆ ಪದ ಹೊಂದುವುದಿಲ್ಲ, ಅವನದು ‘ಯೀಲ್ಡ್’. ಬಿಗಿಹಿಡಿದು ಕೂತವರು, ಬಿಡುವುದೂ ಬಿಡದಿರುವುದೂ ತಮ್ಮ ಕೈಯಲ್ಲೇ ಇರುವವರು ಮಾತ್ರ ರಿಲೆಂಟ್ ಆಗಬಲ್ಲರು. ಮಣಿಯುವುದಕ್ಕೆ ಆ ಷರತ್ತಿಲ್ಲ, ಸೋತವನೂ ಮಣಿಯುತ್ತಾನೆ. ಕರುವಿಗೆ ಹಾಲುಣಿಸಿ ಬರುತ್ತೇನೆಂದ ಪುಣ್ಯಕೋಟಿಯನ್ನು ಹುಲಿ ದೊಡ್ಡಿಗೆ ಹೋಗಗೊಟ್ಟದ್ದು ಅಪ್ಪಟ ರಿಲೆಂಟ್. ಹುಲಿ ಹಸುವಿಗೆ ಮಣಿಯಿತು ಎಂದು ಬರೆದರೆ ನಗು ಬರುತ್ತದೆ.

‘ಕರಗು’ ಮೂಲಕ್ಕೆ ಹತ್ತಿರ. ಲ್ಯಾಟಿನ್ನಿನ ‘ಲೆಂಟಸ್’ ಎಂದರೆ ಬಾಗುವ, ಬಳುಕುವ, ನಿಧಾನವಾದ ಎಂದೆಲ್ಲ ಅರ್ಥ (ಪಾಶ್ಚಾತ್ಯ ಸಂಗೀತದ ವಿಳಂಬಗತಿ ‘ಲೆಂಟೊ’ ಅದೇ ಕುಟುಂಬದ್ದು). ಹಳೆಯ ಇಂಗ್ಲಿಷ್ ಬಳಕೆಯಲ್ಲಿ ವಸ್ತುಗಳು ಕರಗುವುದಕ್ಕೂ ರಿಲೆಂಟ್ ಎನ್ನುತ್ತಿದ್ದರು. ಆ ಅರ್ಥ ಈಗ ಸವೆದುಹೋಗಿದೆ. ನಮ್ಮಲ್ಲಿ ಬೆಣ್ಣೆಯೂ ಕರಗುತ್ತದೆ, ಮನಸ್ಸೂ ಕರಗುತ್ತದೆ. ಆದರೆ ಮನಸ್ಸು ಕರಗಿದ ಮಾತ್ರಕ್ಕೆ ತೀರ್ಮಾನ ಬದಲಾಗಬೇಕಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡೇ ಶಿಕ್ಷೆ ವಿಧಿಸುವವರಿದ್ದಾರೆ. ರಿಲೆಂಟ್ ಎಂದರೆ ‘ಇಲ್ಲ’ ಎಂದದ್ದು ‘ಹೂಂ’ ಆಗಬೇಕು, ಕಡೇಪಕ್ಷ ‘ಆಮೇಲೆ ನೋಡೋಣ’ವಾದರೂ ಆಗಬೇಕು.

ಇನ್ನು ಕನಿಕರ. ಪ್ರವಾಸಕ್ಕೆ ಕಳಿಸಿ ಎಂದು ಮಗಳು ವಾರವಿಡೀ ಪೀಡಿಸಿ, ಕಾಟ ತಾಳಲಾರದೆ ಅಪ್ಪ ‘ಹೋಗು ಮಾರಾಯ್ತಿ’ ಅಂದರೆ ಅದೂ ರಿಲೆಂಟೇ. ಅಲ್ಲಿ ಕನಿಕರ ಎಲ್ಲಿದೆ? ಹಾಗಾಗಿ ನನ್ನ ಓಟು ‘ಪಟ್ಟು ಸಡಿಲಿಸು’ ಎಂಬುದಕ್ಕೆ. ಮರುಕವೋ ಬೇಸರವೋ, ಕಾರಣ ಏನಿದ್ದರೂ ಅದು ಹೊಂದುತ್ತದೆ, ಹಿಡಿತ ಯಾರದೆಂಬುದನ್ನೂ ಹೇಳುತ್ತದೆ. ನಿಷೇಧಾರ್ಥದಲ್ಲಾದರೆ ‘ಜಗ್ಗಲಿಲ್ಲ’ ಇನ್ನೂ ಚೆಂದ. ಆದರೆ ‘ಜಗ್ಗಿದ’ ಎಂದರೆ ಹಗ್ಗ ಎಳೆದ ಎಂದಾಗಿಬಿಡುತ್ತದೆ, ಜೋಕೆ!

ಇಂಗ್ಲಿಷಿನಲ್ಲಿ ಮಳೆ, ಗಾಳಿ, ಜ್ವರಗಳೂ ರಿಲೆಂಟ್ ಆಗುತ್ತವೆ. ಅವಕ್ಕೆ ಪಟ್ಟು ಕಟ್ಟಲಾಗದು. ‘ರಿಲೆಂಟ್‌ಲೆಸ್’ ಮಳೆಗೆ ‘ಎಡೆಬಿಡದ’, ‘ಜಡಿ’ ಇವೆ. ಜ್ವರ ಇಳಿಯುತ್ತದೆ, ಗಾಳಿ ತಗ್ಗುತ್ತದೆ. ಸುರಿಯುವ ಮಳೆ ನಡುವೆ ಕೊಂಚ ಬಿಡುವು ಕೊಟ್ಟರೆ ಮಲೆನಾಡಿನಲ್ಲಿ ‘ಹೊಳವಾಯ್ತು’ ಅನ್ನುವುದುಂಟು. ಬಯಲುಸೀಮೆಯಲ್ಲಿ, ಧಾರವಾಡ–ಕಲಬುರಗಿ ಕಡೆ ಇದಕ್ಕೆ ಏನನ್ನುತ್ತೀರಿ? ‘ಮಳೆ ನಿಂತಿತು’ ಬೇಡ; ಪೂರ್ತಿ ನಿಲ್ಲದೆ ಜೋರು ಮಾತ್ರ ತಗ್ಗುವುದಕ್ಕೆ ಒಂದೇ ಪದ ಬೇಕಿದೆ.