'ಪ್ರತಿಜನಕ'ದಲ್ಲಿರುವ 'ಪ್ರತಿ' ಯಾವುದು?

ಪ್ರಶ್ನೆ (ಶಿರಸಿಯಿಂದ):
ಮಾಸ್ತರೇ, ಮಳೆಗಾಲಕ್ಕೆ ಮೊದಲು ಹಂಚುವ ಡೆಂಗಿ ಕರಪತ್ರದ ಕರಡಿನಲ್ಲಿ "ಜ್ವರ ಬಂದಾಗ ದೇಹವು ಪ್ರತಿಜನಕಗಳನ್ನು ತಯಾರಿಸಿ ವೈರಸ್ಸನ್ನು ಎದುರಿಸುತ್ತದೆ" ಎಂದಿದೆ. ಆಂಟಿಜೆನ್ ಪ್ರತಿಜನಕ, ಆಂಟಿಬಾಡಿ ಪ್ರತಿಕಾಯ. ಎರಡರಲ್ಲೂ 'ಪ್ರತಿ' ಇರುವುದರಿಂದ ಓದುವವರಿಗೆ ಎರಡೂ ಕಾವಲುಗಾರರೇ. ಬೇರೆ ಪದ ಬೇಕೆ? ಪ್ರೋಟೀನಿಗೆ ಅಂಟಿದಾಗ ಮಾತ್ರ ಪ್ರತಿಜನಕವಾಗುವ ಸಣ್ಣ ಅಣುವಾದ ಹ್ಯಾಪ್ಟೆನ್‌ಗೆ ಏನೆನ್ನಬೇಕು?

ಉತ್ತರ (ಕುಮಟಾದಿಂದ):
ಅಕ್ಕೋರೇ, ಆ ವಾಕ್ಯ ತಿರುಗುಮುರುಗಾಗಿದೆ. ದೇಹ ತಯಾರಿಸುವುದು ಪ್ರತಿಕಾಯ. ಅದನ್ನು ಹುಟ್ಟಿಸುವುದು ಪ್ರತಿಜನಕ. ಆಂಟಿಜೆನ್ ಎಂಬ ಮಾತು 1899ರದು, 'ಆಂಟಿಸೊಮಾಟೊಜೆನ್' ಎಂಬುದರ ಮೊಟಕು ರೂಪ. ಗ್ರೀಕಿನ 'ಸೋಮ' ಎಂದರೆ ಕಾಯ. ಬಿಡಿಸಿ ಹೇಳಿದರೆ ಪ್ರತಿಕಾಯ-ಜನಕ. ನಡುವಿನ 'ಕಾಯ' ಬಿದ್ದುಹೋಗಿ ಉಳಿದ 'ಪ್ರತಿ' ಹಾದಿ ತಪ್ಪಿಸುತ್ತಿದೆ.

ಕರಪತ್ರದಲ್ಲಿ ಈ ತಪ್ಪು ಉಳಿದರೆ ಲ್ಯಾಬಿನ ಚೀಟಿ ಓದುವಾಗ ಪೆಟ್ಟು ಬೀಳುತ್ತದೆ. ಎನ್‌ಎಸ್1 ಎಂಬುದು ವೈರಸ್ಸಿನದೇ ಪ್ರೋಟೀನು, ಅಂದರೆ ಪ್ರತಿಜನಕ. ಅದು ಸೋಂಕು ತಗುಲಿದ ಜೀವಕೋಶಗಳಿಂದ ರಕ್ತಕ್ಕೆ ಬರುತ್ತದೆ. ಜ್ವರದ ಮೊದಲ ಐದು ದಿನ ಚೆನ್ನಾಗಿ ಸಿಗುತ್ತದೆ. ಐಜಿಎಂ ಪ್ರತಿಕಾಯ, ಸುಮಾರು ನಾಲ್ಕೈದನೇ ದಿನದ ನಂತರ ಕಾಣಿಸುತ್ತದೆ. ಎರಡನೇ ದಿನದ ಚೀಟಿಯಲ್ಲಿ 'ಎನ್‌ಎಸ್1 ಪಾಸಿಟಿವ್, ಐಜಿಎಂ ನೆಗೆಟಿವ್' ಎಂದಿದ್ದರೆ ವೈರಸ್ ಈಗಲೇ ಒಳಗಿದೆ, ಪ್ರತಿಕಾಯ ಇನ್ನೂ ತಯಾರಾಗಿಲ್ಲ ಎಂದರ್ಥ. ಪ್ರತಿಜನಕವನ್ನು ಕಾವಲುಗಾರ ಎಂದು ತಿಳಿದವರು ಇದೇ ಚೀಟಿಯನ್ನು "ಶಕ್ತಿ ಬಂದಿದೆ" ಎಂದು ಓದಿಕೊಂಡಾರು.

ಪ್ರತಿಕಾಯಕ್ಕೆ ಈ ತಡ ಏಕೆ? ರೋಗನಿರೋಧಕ ಪಡೆಯ ಪಹರೆಯ ಕೋಶವಾದ ಡೆಂಡ್ರೈಟಿಕ್ ಕೋಶ ಪ್ರತಿಜನಕವನ್ನು ನುಂಗಿ, ತುಂಡರಿಸಿ, ಆ ಚೂರುಗಳನ್ನು ತನ್ನ ಮೈಮೇಲೆ ಎತ್ತಿ ಹಿಡಿದು ಟಿ ಕೋಶಕ್ಕೆ (ಪರಕೀಯವನ್ನು ಗುರುತಿಸುವ ಬಿಳಿ ರಕ್ತಕಣಕ್ಕೆ) ತೋರಿಸಬೇಕು. ಅದೇ ಪ್ರತಿಜನಕವನ್ನು ಹಿಡಿದಿರುವ ಬಿ ಕೋಶಕ್ಕೆ (ಪ್ರತಿಕಾಯ ತಯಾರಿಸುವ ಬಿಳಿ ರಕ್ತಕಣಕ್ಕೆ) ಟಿ ಕೋಶದ ನೆರವು ಸಿಗಬೇಕು. ಆಮೇಲೆ ಅದು ಇಬ್ಭಾಗ ಇಬ್ಭಾಗವಾಗುತ್ತ ಹೆಚ್ಚಿ ಪ್ರತಿಕಾಯ ಸುರಿಸುತ್ತದೆ. ಮೊದಲ ಸಲ ಇದಕ್ಕೆ ದಿನಗಳು ಹಿಡಿಯುತ್ತವೆ. ಅದೇ ಪ್ರತಿಜನಕ ಮತ್ತೆ ಬಂದರೆ ನೆನಪಿನ ಕೋಶಗಳಿಂದಾಗಿ ಕೆಲಸ ಬೇಗ.

ಪದ ಬದಲಿಸುವುದು ಬೇಡ. ಪಠ್ಯಪುಸ್ತಕದಲ್ಲಿ ಪ್ರತಿಜನಕ ನೆಲೆಯೂರಿದೆ. ಕರಪತ್ರದಲ್ಲಿ ಮೊದಲ ಸಲ ಬರುವಲ್ಲಿ 'ಪ್ರತಿಕಾಯ ಹುಟ್ಟಿಸುವ ವಸ್ತು (ಆಂಟಿಜೆನ್)' ಎಂದು ಬರೆಯಿರಿ. ಕೊರೊನಾ ಕಾಲದಿಂದ 'ಆಂಟಿಜೆನ್ ಟೆಸ್ಟ್' ಎಲ್ಲರ ಬಾಯಲ್ಲೂ ಇದೆ, ಹಾಗಾಗಿ ಆವರಣದೊಳಗಿನ ಇಂಗ್ಲಿಷ್ ಪದ ಓದುವವರಿಗೆ ನೆರವಾಗುತ್ತದೆ.

ಹ್ಯಾಪ್ಟೆನ್‌ಗೆ ಗೇರುಸೊನೆಗಿಂತ ಒಳ್ಳೆಯ ಉದಾಹರಣೆ ಸಿಗದು. ಗೇರುಬೀಜ ಒಡೆಯುವವರು ಕೈಗೆ ಎಣ್ಣೆ ಹಚ್ಚಿಕೊಳ್ಳುವುದು ಅದರ ಸುಡುವ ಗುಣಕ್ಕೆ. ಆ ಸುಡುವಿಕೆ ಯಾರಿಗಾದರೂ ಆಗಬಹುದು, ಪ್ರತಿಜನಕದ ಮಾತು ಅಲ್ಲಿಲ್ಲ. ಕೆಲವರಿಗೆ ಮಾತ್ರ ಒಂದೆರಡು ದಿನ ಬಿಟ್ಟು ತುರಿಕೆ, ಬೊಕ್ಕೆ ಏಳುತ್ತದೆ. ಸೊನೆಯ ಫೀನಾಲು ಅಣು ತೀರ ಸಣ್ಣದು, ಒಂಟಿಯಾಗಿ ಏನನ್ನೂ ಹುಟ್ಟಿಸದು. ಚರ್ಮದ ಪ್ರೋಟೀನಿಗೆ ಅಂಟಿದ ಮೇಲೆ ಟಿ ಕೋಶ ಅದನ್ನು ಪರಕೀಯವೆಂದು ಗುರುತಿಸುತ್ತದೆ. ಇಲ್ಲಿ ಕೆರಳುವುದು ಟಿ ಕೋಶವೇ ಹೊರತು ಪ್ರತಿಕಾಯವಲ್ಲ. ಹಾಗಾಗಿ ಈಗಿನ ವ್ಯಾಖ್ಯೆಯಲ್ಲಿ ಪ್ರತಿಕಾಯವಾಗಲಿ ಟಿ ಕೋಶವಾಗಲಿ ಗುರುತಿಸುವ ಯಾವುದೂ ಪ್ರತಿಜನಕವೇ.

'ಅಪೂರ್ಣ ಪ್ರತಿಜನಕ' ಎಂಬ ಪದ ಬಳಕೆಯಲ್ಲಿದೆ, ಆದರೆ ಜೊತೆಗಾರ ಬೇಕೆಂಬುದನ್ನು ಅದು ಹೇಳುವುದಿಲ್ಲ. ಮೂಲದ ಗ್ರೀಕ್ ಕ್ರಿಯಾಪದಕ್ಕೆ ತಗುಲು, ಹಿಡಿ ಎಂಬ ಅರ್ಥ. 'ತಗುಲುಕಣ' ಎಂದರೆ ಹೇಗೆ?