ಬೇಸಿಗೆಯಲ್ಲಿ ಸೈಕ್ಲಿಂಗ್ ಜೆರ್ಸಿ ಒಳಗೆ ಏನು ಹಾಕಿಕೊಳ್ತೀರಾ?

ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಬೆಂಗಳೂರು ಬಿಟ್ಟು ಮಂಗಳೂರಿಗೆ ಬಂದು ಎಂಟು ತಿಂಗಳಾಯಿತು. ಭಾನುವಾರ ಬೆಳಿಗ್ಗೆ ಮೂಲ್ಕಿವರೆಗೆ ಹೋಗಿ ಬರುತ್ತೇನೆ, ಎರಡೂ ಕಡೆ ಸೇರಿ 60 ಕಿ.ಮೀ. ಹತ್ತಿರ. ಜೆರ್ಸಿ ಒಳಗೆ ಮಾಮೂಲಿ ಹತ್ತಿ ಬನಿಯನ್ ಹಾಕುತ್ತೇನೆ. ಪಣಂಬೂರು ದಾಟುವಷ್ಟರಲ್ಲಿ ಅದು ಹಿಂಡಿದರೆ ನೀರು ಸುರಿಯುವಂತಾಗಿರುತ್ತದೆ, ಕಂಕುಳ ಹತ್ತಿರ ಉಜ್ಜಿ ಉಜ್ಜಿ ಉರಿ, ಬೆನ್ನಿನ ತುಂಬ ಬೆವರುಸಾಲೆ. ಬೇಸ್ ಲೇಯರ್ (ಜೆರ್ಸಿ ಒಳಗೆ ಹಾಕುವ, ಬೆವರು ಎಳೆಯುವ ತೆಳು ಬನಿಯನ್) ತಗೊಳ್ಳಿ ಅಂತ ಕೆಲವರು ಹೇಳುತ್ತಾರೆ, ಸೆಕೆಯಲ್ಲಿ ಇನ್ನೊಂದು ಬಟ್ಟೆ ಯಾಕೆ ಅಂತ ಇನ್ನು ಕೆಲವರು. ಬಳಸಿ ನೋಡಿದವರು ಹೇಳಿ.

ಉಡುಪಿಯಿಂದ

ನಿಮ್ಮ ಬೆವರುಸಾಲೆ ಓದಿ ನನ್ನ ಮೊದಲ ಎರಡು ಬೇಸಿಗೆ ನೆನಪಾಯಿತು. ಹತ್ತಿ ಬನಿಯನ್ ಇವತ್ತೇ ಬಿಟ್ಟುಬಿಡಿ, ಉಳಿದದ್ದು ಆಮೇಲೆ.

ಬೆವರು ಬಂದರೆ ಸಾಲದು, ಅದು ಆರಬೇಕು, ಆಗಲೇ ಮೈ ತಣ್ಣಗಾಗೋದು. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ನೀರಿನ ಅಂಶ ತುಂಬಿರುತ್ತೆ, ಹಾಗಾಗಿ ಬೆವರು ಆರದೆ ಹನಿಹನಿಯಾಗಿ ಕೆಳಗೆ ಬೀಳುತ್ತೆ. ಬಿದ್ದ ಹನಿಯಿಂದ ಮೈಗೇನೂ ಉಪಯೋಗವಿಲ್ಲ. ಇದರ ಮೇಲೆ ಹತ್ತಿ ಬೇರೆ. ಅದು ನೀರು ಕುಡಿದು ಬಿಡದೆ ಹಿಡಿದುಕೊಳ್ಳುತ್ತೆ. ಪಾಲಿಯೆಸ್ಟರ್ ನೂಲು ನೀರನ್ನು ಹೆಚ್ಚುಕಡಿಮೆ ಕುಡಿಯುವುದೇ ಇಲ್ಲ, ನೂಲುಗಳ ನಡುವಿನ ಸಂದಿಯಲ್ಲಿ ಹೊರಗಿನ ಪದರಕ್ಕೆ ಹರಿಸುತ್ತೆ ಅಷ್ಟೆ. ಒಮ್ಮೆ ಮನೆಯಲ್ಲಿ ಎರಡನ್ನೂ ಬಕೆಟ್‌ನಲ್ಲಿ ಅದ್ದಿ, ಹಿಂಡಿ, ಒಂದೇ ಹಗ್ಗಕ್ಕೆ ಫ್ಯಾನ್ ಕೆಳಗೆ ನೇತುಹಾಕಿದ್ದೆ. ಪಾಲಿಯೆಸ್ಟರ್‌ನದು ಒಣಗಿ ಗಾಳಿಗೆ ಹಾರಾಡುತ್ತಿತ್ತು, ಹತ್ತಿಯದರ ಕೆಳ ಅಂಚು ಮುಟ್ಟಿದರೆ ಇನ್ನೂ ಬೆರಳು ಒದ್ದೆ.

ಈಗ ನಾನು ಹಾಕುವುದು ತೋಳಿಲ್ಲದ ಜಾಲಿ ಬನಿಯನ್. ತೂತು ಸಣ್ಣದಲ್ಲ, ಕಿಟಕಿಗೆ ಹಿಡಿದರೆ ಆಚೆ ಮನೆಯ ತೆಂಗಿನ ಮರ ಕಾಣುತ್ತೆ. ಇದರ ದೊಡ್ಡ ಗುಣ ಏನೆಂದರೆ ಒದ್ದೆ ಜೆರ್ಸಿ ಬೆನ್ನಿಗೆ ಅಂಟಲು ಬಿಡುವುದಿಲ್ಲ, ನಡುವೆ ಒಂಚೂರು ಗಾಳಿ ಆಡುತ್ತೆ, ಇಳಿಜಾರಿನಲ್ಲಿ ಜಿಪ್ ಇಳಿಸಿದರೆ ಅದು ಗೊತ್ತಾಗುತ್ತೆ. ಜಾಲಿ ಬನಿಯನ್ ಹುಟ್ಟಿದ್ದು ಮಾತ್ರ ಚಳಿಗೆ. 1933ರಲ್ಲಿ ನಾರ್ವೆ ಸೇನೆಯ ಹೆನ್ರಿಕ್ ಬ್ರುನ್ ಅನ್ನುವವರು ಮೀನಿನ ಬಲೆಯಿಂದ ಮೊದಲ ಬನಿಯನ್ ಮಾಡಿದ್ದು. ಮಲ್ಪೆಯಲ್ಲಿ ಬಲೆ ಒಣಹಾಕಿರುವುದನ್ನು ನೋಡಿದಾಗಲೆಲ್ಲ ನನಗೆ ಈ ಬನಿಯನ್ ನೆನಪಾಗುತ್ತೆ.

ಅಳತೆ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ, ಸೆಕೆ ಅಂತ ಸಡಿಲ ತಗೊಳ್ತಾರೆ. ಮೈಗೆ ತಾಗದಿದ್ದರೆ ಅದು ಬೆವರು ಎಳೆಯುವುದಾದರೂ ಹೇಗೆ? ಮೈಗೆ ಅಂಟಿ ಕೂರಬೇಕು, ಆದರೆ ಪೂರ್ತಿ ಉಸಿರೆಳೆದರೆ ಪಕ್ಕೆ ಹತ್ತಿರ ಬಿಗಿಯಬಾರದು. ಅಂಗಡಿಯಲ್ಲಿ ಹಾಕಿಕೊಂಡು, ಹ್ಯಾಂಡಲ್ ಹಿಡಿದ ಹಾಗೆ ಮುಂದೆ ಬಾಗಿ ನೋಡಿ. ಕಂಕುಳ ಹೊಲಿಗೆಯನ್ನು ಒಳಗಿನಿಂದ ಬೆರಳಾಡಿಸಿ ನೋಡಿ, ಉಬ್ಬಿದ್ದರೆ ಬೇಡವೇ ಬೇಡ, 30 ಕಿ.ಮೀ. ಆದಮೇಲೆ ಅದೇ ಗರಗಸ.

ಇನ್ನೊಂದು, ಬೇಸ್ ಲೇಯರ್ ಅಂದರೆ ಕೆಲವು ಅಂಗಡಿಗಳಲ್ಲಿ ಚಳಿಗಾಲದ ಥರ್ಮಲ್ ತೆಗೆದು ಕೊಡುತ್ತಾರೆ. ನನಗೆ ಹಾಗೆ ಕೊಟ್ಟಿದ್ದರು. ಒಳಗಡೆ ಸವರಿದರೆ ಟವೆಲ್ ಥರ ಮೆತ್ತಗಿದ್ದರೆ ವಾಪಸ್ ಕೊಡಿ.

ಕಲಬುರಗಿಯಿಂದ

ಉಡುಪಿಯವರು ಹೇಳಿದ್ದು ಕರಾವಳಿಗೆ ಸರಿ. ನಮ್ಮ ಕಡೆ ಲೆಕ್ಕ ಬೇರೆ ಐತಿ ನೋಡ್ರಿ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ, ಗಾಳಿ ಒಣ, ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಕಪ್ಪು ಜೆರ್ಸಿ ಮೇಲೆ ಉಪ್ಪಿನ ಬಿಳಿ ಗೆರೆ ನೋಡಿದಾಗಲೇ ತಿಳಿಯುವುದು. ಆಫೀಸಿಗೆ 9 ಕಿ.ಮೀ. ನಾನು ಹತ್ತಿ ಬನಿಯನ್ನಲ್ಲೇ ಹೋಗುತ್ತೇನೆ, ಒದ್ದೆಯಾದದ್ದು ಒಣ ಗಾಳಿಗೆ ತಣ್ಣಗೆ ಹಿತವಾಗಿರುತ್ತದೆ, ಅಲ್ಲಿ ಹೋಗಿ ಬದಲಿಸುತ್ತೇನೆ. ದೂರದ ಸವಾರಿಗೆ ಮಾತ್ರ ತೆಳು ಪಾಲಿಯೆಸ್ಟರ್. ದಾರಿಯಲ್ಲಿ ಬೋರ್‌ವೆಲ್ ಸಿಕ್ಕರೆ ಎದೆ, ಬೆನ್ನಿಗೆ ನೀರು ಹಾಕಿಕೊಂಡು ಮುಂದಕ್ಕೆ ಹೋಗುತ್ತೇನೆ. ನೀವಿರುವ ಕಡೆ ಈ ಉಪಾಯ ಅಷ್ಟು ಕೆಲಸ ಮಾಡಲಿಕ್ಕಿಲ್ಲ.

ಬೆಂಗಳೂರಿನಿಂದ

ಹೆಣ್ಣುಮಕ್ಕಳ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಈ ವಿಷಯ ಯಾರೂ ಬರೆಯುವುದೇ ಇಲ್ಲ. ಒಳ್ಳೆ ಸ್ಪೋರ್ಟ್ಸ್ ಬ್ರಾ ಇದ್ದರೆ ಸೆಕೆಯಲ್ಲಿ ಅದರ ಮೇಲೆ ಇನ್ನೊಂದು ಪದರ ಬಹಳ ಸಲ ಬೇಕಾಗುವುದಿಲ್ಲ. ಬ್ರಾದ ಕೆಳಗಿನ ಪಟ್ಟಿ ನೆನೆದು ಉಜ್ಜುವುದೇ ನಿಜವಾದ ತೊಂದರೆ. ಹತ್ತಿ ಬೆರೆಸಿದ್ದು ಬೇಡ, ದಪ್ಪ ಪ್ಯಾಡ್ ಇರುವುದೂ ಬೇಡ, ಆ ಸ್ಪಾಂಜು ಮನೆ ಸೇರುವವರೆಗೂ ಒಣಗುವುದಿಲ್ಲ. ಪಟ್ಟಿ ಕೂರುವ ಜಾಗಕ್ಕೆ ಹೊರಡುವ ಮೊದಲೇ ವ್ಯಾಸಲೀನ್ ಹಚ್ಚಿ.

ನಂದಿ ಬೆಟ್ಟಕ್ಕೆ ಹೋಗುವಾಗ ಮಾತ್ರ ನಾನು ತೆಳು ಮೆರಿನೋ ಉಣ್ಣೆಯದು ಹಾಕುತ್ತೇನೆ. ಬೇಸಿಗೆಗೆ ಉಣ್ಣೆಯೇ ಅಂತ ಗಾಬರಿಯಾಗಬೇಡಿ, 150 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್ ಬಟ್ಟೆಗೆ 150 ಗ್ರಾಂ ತೂಕ) ಅಥವಾ ಅದಕ್ಕಿಂತ ಕಡಿಮೆಯದು ತೆಳು ಟೀ ಶರ್ಟಿನಷ್ಟು ಹಗುರ. ಬೆಟ್ಟ 1,478 ಮೀಟರ್ ಎತ್ತರ. ಹತ್ತುವಾಗ ನಡಿಗೆಗಿಂತ ಸ್ವಲ್ಪ ಜಾಸ್ತಿ ವೇಗ ಅಷ್ಟೆ, ಗಾಳಿಯೇ ಇರುವುದಿಲ್ಲ, ಬೆವರು ಧಾರಾಕಾರ. ಇಳಿಯುವಾಗ ಅದೇ ಒದ್ದೆ ಬಟ್ಟೆಗೆ ಬೆಳಗಿನ ಗಾಳಿ ಬಡಿದು ಏಪ್ರಿಲ್‌ನಲ್ಲೂ ಹಲ್ಲು ಕಟಕಟ ಅನ್ನುತ್ತೆ. ಮೆರಿನೋ ಒದ್ದೆಯಾದರೂ ಹಾಗೆ ಕೊರೆಯುವುದಿಲ್ಲ, ವಾಸನೆಯೂ ಕಡಿಮೆ. ಬೆಲೆ ಜಾಸ್ತಿ, ಜೋಪಾನ ಮಾಡದಿದ್ದರೆ ಹುಳು ತಿನ್ನುತ್ತೆ, ಒಣಗುವುದೂ ನಿಧಾನ. ಮಂಗಳೂರಿಗೆ ನಾನಂತೂ ಇದನ್ನು ಹೇಳುವುದಿಲ್ಲ.

ಮತ್ತೆ ಉಡುಪಿಯಿಂದ

ಅಕ್ಕ ಹೇಳಿದ್ದು ಸರಿ, ಮೆರಿನೋ ಇಲ್ಲಿಗೆ ಆಗುವುದಿಲ್ಲ. ಒಗೆಯುವುದು ಹೇಗೆ ಅಂತ ಕೆಲವರು ಮೆಸೇಜ್ ಮಾಡಿದ್ದರು. ಬಂದ ತಕ್ಷಣ ತಣ್ಣೀರಲ್ಲಿ ಜಾಲಾಡಿ, ಸ್ವಲ್ಪವೇ ಸೋಪು ಹಾಕಿ, ನೆರಳಲ್ಲಿ ಒಣಗಿಸಿ. ಘಮ್ ಅನ್ನಲಿ ಅಂತ ಬಟ್ಟೆ ಕಂಡೀಷನರ್ ಹಾಕಬೇಡಿ, ಅದು ನೂಲಿನ ಮೇಲೆ ಪದರ ಕಟ್ಟಿ ಬೆವರು ಎಳೆಯುವ ಗುಣವನ್ನೇ ಕೊಲ್ಲುತ್ತೆ. ಇಸ್ತ್ರಿ ಬೇಡ. ಬಿಬ್ ಶಾರ್ಟ್ಸ್ (ಭುಜದ ಮೇಲೆ ಪಟ್ಟಿ ಬರುವ ಸೈಕ್ಲಿಂಗ್ ಚಡ್ಡಿ) ಹಾಕುವವರಾದರೆ ಬನಿಯನ್ ಪಟ್ಟಿಯ ಒಳಗಿರಲಿ, ಪಟ್ಟಿ ನೇರ ಮೈಗೆ ತಾಗಬಾರದು.

ಜಾಲಿಗೆ ಬಿಸಿಲು ತಡೆಯುವ ಶಕ್ತಿ ಇಲ್ಲ ಅನ್ನುವುದೂ ನೆನಪಿರಲಿ. ಮೇಲಿನ ಜೆರ್ಸಿ ತೀರಾ ತೆಳುವಾಗಿದ್ದರೆ ಬೆನ್ನಿನ ಮೇಲೆ ಚೌಕ ಚೌಕ ಕಪ್ಪು ಮೂಡುತ್ತೆ, ನಮ್ಮ ತಂಡದ ಹುಡುಗನೊಬ್ಬನಿಗೆ ಆಗಿದೆ.

ಕೇಳಿದವರಿಂದ

ತುಂಬಾ ಥ್ಯಾಂಕ್ಸ್. ತೋಳಿಲ್ಲದ ಜಾಲಿ ಒಂದು ತಂದೆ. ಇವತ್ತು ಮೂಲ್ಕಿ ಹೋಗಿ ಬಂದೆ. ಬೆವರು ಅಷ್ಟೇ ಬಂತು, ಕಡಿಮೆಯೇನೂ ಆಗಲಿಲ್ಲ, ಆದರೆ ಕಂಕುಳು ಉರಿಯಲಿಲ್ಲ. ಸುರತ್ಕಲ್ ಹತ್ತಿರ ಎಳನೀರಿಗೆ ನಿಂತಾಗ ಮಾತ್ರ ಗಾಳಿ ನಿಂತು ಒಂದೇ ಸಮ ಸೆಕೆ ಏರಿತು. ಅಲ್ಲಿ ಜಿಪ್ ಪೂರ್ತಿ ಇಳಿಸಿಬಿಡಬಹುದಾ, ಅಥವಾ ನೀವೆಲ್ಲ ನೆರಳು ಹುಡುಕಿಯೇ ನಿಲ್ಲುತ್ತೀರಾ?

ಉಡುಪಿಯಿಂದ

ಜಿಪ್ ಇಳಿಸಿ, ಒಳಗೆ ಬನಿಯನ್ ಇದೆಯಲ್ಲ. ನಿಲ್ಲುವುದಾದರೆ ಸಮುದ್ರದ ಬದಿಗೆ ನಿಲ್ಲಿ.