ಅಪ್‌ಡೇಟ್: ಫೈಂಡರೂ ಅದೇ, ಗೈಡ್ ಸ್ಕೋಪೂ ಅದೇ

600 ಮಿ.ಮೀ. ನಾಭಿದೂರದ ದೂರದರ್ಶಕಕ್ಕೆ ಆಕಾಶದಲ್ಲಿ ಗುರಿ ಹುಡುಕಲೂ (ಫೈಂಡರ್), ಫೋಟೊ ತೆಗೆಯುವಾಗ ನಕ್ಷತ್ರ ಜಾರದಂತೆ ದೂರದರ್ಶಕವನ್ನು ತಿರುಗಿಸುವ ಮೌಂಟನ್ನು ತಿದ್ದಲೂ (ಗೈಡ್ ಸ್ಕೋಪ್), ಎರಡೂ ಕೆಲಸಕ್ಕೆ ಒದಗುವ ಚಿಕ್ಕ ದೂರದರ್ಶಕ ಯಾವುದು ಅಂತ ಹಿಂದೆ ಇಲ್ಲಿ ಕೇಳಿದ್ದೆ. 50 ಮಿ.ಮೀ. ವ್ಯಾಸ, 200 ಮಿ.ಮೀ. ನಾಭಿದೂರದ್ದು ತಗೊಳ್ಳಿ ಅಂದವರ ಮಾತೇ ಸರಿಹೋಯಿತು. 3.75 ಮೈಕ್ರಾನ್ ಪಿಕ್ಸೆಲ್‌ನ ಗೈಡ್ ಕ್ಯಾಮೆರಾದಲ್ಲಿ ಪಿಕ್ಸೆಲ್‌ಗೆ ಸುಮಾರು 3.9 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಭಾಗ) ಬರುತ್ತದೆ, ಮುಖ್ಯ ಕ್ಯಾಮೆರಾದಲ್ಲಿ 1.3. ಮೂರು ಪಟ್ಟು ಒರಟಾದರೂ ಚಿಂತೆಯಿಲ್ಲ. ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2 ನಕ್ಷತ್ರದ ಕೇಂದ್ರವನ್ನು ಪಿಕ್ಸೆಲ್‌ನ ಸಣ್ಣ ಭಾಗದವರೆಗೂ ಗುರುತಿಸುತ್ತದೆ.

ಹಳೆಯ 8x50 (8 ಪಟ್ಟು ವರ್ಧನೆ, 50 ಮಿ.ಮೀ. ವ್ಯಾಸ) ಫೈಂಡರ್‌ಗೆ ಕ್ಯಾಮೆರಾ ಅಡಾಪ್ಟರ್ ಹಾಕುವ ಸಲಹೆ ಮಾತ್ರ ಫಲಿಸಲಿಲ್ಲ. ಅಡಾಪ್ಟರ್ ಚೆನ್ನಾಗಿಯೇ ಕೂರುತ್ತದೆ, ತೊಂದರೆಯೆಲ್ಲ ಬ್ರಾಕೆಟ್‌ನದು. ಒಂದು ಕಡೆ ರಬ್ಬರ್ ರಿಂಗ್, ಇನ್ನೊಂದು ಕಡೆ ಸ್ಪ್ರಿಂಗ್ ಸ್ಕ್ರೂ. ಮೌಂಟ್ ತಿರುಗಿದಂತೆ ಕ್ಯಾಮೆರಾದ ಭಾರಕ್ಕೆ ಕೊಳವೆ ಜಗ್ಗುತ್ತದೆ. ಗೈಡಿಂಗ್ ಗ್ರಾಫ್ (ಗೈಡ್ ನಕ್ಷತ್ರ ಎಷ್ಟು ಜಾರಿತೆಂದು ತೋರಿಸುವ ಗೆರೆ) ನೆಟ್ಟಗಿದ್ದೂ 5 ನಿಮಿಷದ ಎಕ್ಸ್‌ಪೋಷರ್‌ನಲ್ಲಿ ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ. ಹೊಸ 50 ಮಿ.ಮೀ. ಸ್ಕೋಪನ್ನು ಎರಡು ಗಟ್ಟಿ ರಿಂಗ್‌ಗಳಲ್ಲಿ ಕೂರಿಸಿ, ಅವನ್ನು ದೂರದರ್ಶಕಕ್ಕೆ ಜೋಡಿಸುವ ಡವ್‌ಟೇಲ್ ಪಟ್ಟಿಗೆ ಬೋಲ್ಟ್ ಮಾಡಿ, ಫೋಕಸರ್ ಲಾಕ್ ಬಿಗಿಮಾಡಿ, ಕೇಬಲನ್ನು ಜಗ್ಗದಂತೆ ಕೊಳವೆಗೇ ಕಟ್ಟಿದ ಮೇಲೆ ನಕ್ಷತ್ರಗಳು ದುಂಡಗಾದವು.

ಅನಿರೀಕ್ಷಿತವಾಗಿ ತಿಳಿದದ್ದು: ಗುರಿ ಹುಡುಕಲು ಕ್ಯಾಮೆರಾ ತೆಗೆದು ಕಣ್ಣಿಟ್ಟು ನೋಡುವ ಐಪೀಸ್ ಹಾಕುವ ಅಗತ್ಯವೇ ಬರುವುದಿಲ್ಲ. ಹಾಗೆ ಬದಲಿಸಿದರೆ ಫೋಕಸ್ ತಪ್ಪುತ್ತದೆ, ಕ್ಯಾಮೆರಾ ತಿರುಗಿದರೆ ಕ್ಯಾಲಿಬ್ರೇಶನ್ನೂ (ಮೌಂಟ್‌ನ ಚಲನೆಗೂ ಕ್ಯಾಮೆರಾದ ದಿಕ್ಕಿಗೂ ತಾಳೆ ಹಾಕುವುದು) ಮತ್ತೆ ಮಾಡಬೇಕು. 4.8 × 3.6 ಮಿ.ಮೀ. ಸೆನ್ಸರ್ ಸುಮಾರು 1.4° × 1° ಆಕಾಶ ತೋರಿಸುತ್ತದೆ. ಪರದೆಯ ಮೇಲಿನ ಅಡ್ಡಗೆರೆಗೆ ನಕ್ಷತ್ರ ತಂದರೆ ಅದೇ ಫೈಂಡರ್. ಮೊದಲ ಅಂದಾಜಿಗೆ ಪಕ್ಕದಲ್ಲೊಂದು ರೆಡ್ ಡಾಟ್ (ಆಕಾಶದ ಮೇಲೆ ಕೆಂಪು ಚುಕ್ಕೆ ತೋರಿಸುವ ಫೈಂಡರ್) ಇದ್ದರೆ ಇನ್ನೂ ಸಲೀಸು.